ಅಜ್ಜಿ ಎತ್ತಿಟ್ಟ ಕಾಯಿ

ನಾನು ಚಿಕ್ಕವನಿದ್ದಾಗ, ಬಾಂಗ್ಲಾ ಯುದ್ಧ ಮುಗಿದ ಒಂದೆರಡು ವರ್ಷಕ್ಕೆ, ಶೆಟ್ಟಿಕೆರೆ ಹತ್ತಿರದ ನಮ್ಮೂರ ಶಾಲೆಯಲ್ಲಿ ಒಂದು ವಸ್ತುಪ್ರದರ್ಶನ ನಡೆಯಿತು. "ಯುದ್ಧ ಅಂದ್ರೆ ಬರೀ ಬಂದೂಕಲ್ಲ ಕಣ್ರೋ. ಮನೇಲಿದ್ದೋರು ಹೆಂಗಿದ್ರು ಅಂತ ತೋರ್ಸೋ ಸಾಮಾನು ತನ್ನಿ," ಎಂದಿದ್ದರು ಮೇಷ್ಟ್ರು. ಯಾರೋ ತೇಪೆ ಹಾಕಿದ ಸೀರೆ ತಂದರು, ಇನ್ಯಾರೋ ಹಳೇ ರೇಷನ್ ಕಾರ್ಡು.

ನಮ್ಮ ಮನೆಯಿಂದ ಹೋದದ್ದು ಒಂದು ತೆಂಗಿನಕಾಯಿ. ತೆಂಗಿನ ಸೀಮೆಯಲ್ಲಿ ಕಾಯಿಯನ್ನು ಪ್ರದರ್ಶನಕ್ಕಿಡುತ್ತಾರೆಯೇ ಎಂದು ಹುಡುಗರು ನಕ್ಕರು. ಅದು ಎರಡನೇ ಮಹಾಯುದ್ಧಕ್ಕೆ ನನ್ನ ದೊಡ್ಡಪ್ಪ ಹೊರಟ ದಿನ ಅಜ್ಜಿ ಅರಿಶಿನ ಕುಂಕುಮ ಹಚ್ಚಿ, ಮಗ ಬಂದ ಮೇಲೆ ಒಡೆಯಬೇಕೆಂದು ಎತ್ತಿಟ್ಟ ಕಾಯಿ. ದೊಡ್ಡಪ್ಪ ಬರಲಿಲ್ಲ. ಸತ್ತನೆಂಬ ಕಾಗದವೂ ಬರಲಿಲ್ಲ. ಚಿಪ್ಪು ಕಪ್ಪಾಗಿ, ಒಳಗಿನ ಕೊಬ್ಬರಿ ಒಣಗಿ ಗಡಗಡ ಎನ್ನುತ್ತಿತ್ತು. ಪ್ರತಿ ಯುಗಾದಿಗೆ ಅಜ್ಜಿ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಅಟ್ಟಕ್ಕೆ ಇಡುತ್ತಿದ್ದಳು. "ಇದ್ರ ಹತ್ರನೇ ಇರು ಕಣಪ್ಪ, ಸಂಜೀಕೆ ವಾಪಸ್ ತಗಂಬಾ," ಎಂದು ನನ್ನ ಕೈಗೆ ಕೊಟ್ಟಳು.

ನಾನು ಅದರ ಹತ್ತಿರ ಇರಲಿಲ್ಲ. ಪಕ್ಕದ ಕೋಣೆಯಲ್ಲಿ ಮಾಜಿ ಸೈನಿಕರೊಬ್ಬರ ದುರ್ಬೀನಿತ್ತು. ಅದರಲ್ಲಿ ಕೆರೆ ಏರಿ ಮೂಗಿನ ತುದಿಗೇ ಬರುತ್ತಿತ್ತು. ಅಷ್ಟರಲ್ಲಿ ಅತಿಥಿಗಳು ಬಂದರು. ಉದ್ಘಾಟನೆಯ ಪೂಜೆಗೆ ಹೂವು, ಹಣ್ಣು, ಊದುಬತ್ತಿ ಎಲ್ಲ ಇತ್ತು, ಕಾಯಿ ಮಾತ್ರ ಮರೆತಿದ್ದರು. ಯಾರೋ ಮೇಜಿನ ಮೇಲಿದ್ದದ್ದನ್ನು ಎತ್ತಿಕೊಟ್ಟರು. ಟಪ್ ಎಂಬ ಸದ್ದಿಗೆ ಓಡಿ ಬಂದೆ. ಎರಡು ಹೋಳು, ಒಂದು ಹನಿ ನೀರಿಲ್ಲ, ಕಮಟು ಎಣ್ಣೆಯ ವಾಸನೆ.

ಹೋಳುಗಳನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ಹೋದೆ. ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಅಜ್ಜಿ ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು.

"ಅವ್ನು ಬಂದಿದ್ನೇನ್ಲಾ?" ಎಂದು ಕೇಳಿದಳು.

ಇಲ್ಲವೆಂದು ತಲೆಯಾಡಿಸಿದೆ.

"ಮತ್ಯಾಕ್ ಒಡೆದ್ರು?"

ನನಗೆ ಅಳು ಬಂತು. ಅಜ್ಜಿ ಹೋಳುಗಳನ್ನು ಮತ್ತೆ ಟವೆಲಿನಲ್ಲಿ ಸುತ್ತಿಟ್ಟು, "ಹೋಗ್ಲಿ ಬುಡು. ಇನ್ನೊಂದ್ ತಗಂಬಾ," ಎಂದಳು. ಅಪ್ಪ ಒಂದು ಕಾಯಿಯನ್ನು ಜುಟ್ಟು ಬಿಟ್ಟು ಸುಲಿದ. ಅಜ್ಜಿ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದಳು. ಅಟ್ಟಕ್ಕೆ ಹತ್ತಿ ಇಟ್ಟವನು ನಾನೇ.

ಮಕ್ಕಳೇ, ಮೊನ್ನೆ ನೀವು ನನಗೆ ಯುದ್ಧದ ವಸ್ತುಸಂಗ್ರಹಾಲಯ ತೋರಿಸಿದಿರಿ. ಯಾರೋ ತಾಯಿ ಮಗನಿಗೆಂದು ಹೆಣೆದ ಸ್ವೆಟರು ಗಾಜಿನೊಳಗಿತ್ತು. ಗುಂಡಿ ಒತ್ತಿದರೆ ಆಕೆಯ ದನಿಯೂ ಕೇಳುತ್ತಿತ್ತು. 'ಮುಟ್ಟಬಾರದು' ಎಂದು ಬರೆದಿದ್ದರು. ಒಳ್ಳೆಯದೇ, ನನ್ನಂಥ ಕಾವಲುಗಾರರಿಗೆ ಅಲ್ಲಿ ಕೆಲಸವಿಲ್ಲ. ನಮ್ಮ ಎರಡನೆಯ ಕಾಯಿ ಈಗಲೂ ಅಟ್ಟದ ಮೇಲಿದೆ. ಅಜ್ಜಿ ಹೋದ ಮೇಲೆ ಯುಗಾದಿಗೆ ಅದನ್ನು ಇಳಿಸುವವನು ನಾನು. ಈ ಸಲ ನೀವೂ ಮುಟ್ಟಿ, ಅಲ್ಲಾಡಿಸಿ ಕೇಳಿ. ಒಡೆಯಬೇಡಿ. ಅವನು ಇನ್ನೂ ಬಂದಿಲ್ಲ.