ಬಾನೆಟ್ಟಿನೊಳಗಿನ ಒಣಮೀನು

ಯಾಂಗ್‌ಸೂನಳಿಗೆ ಹೆದರಿಕೆ ಹೊಸದಲ್ಲ. ಹಿಮಕ್ಕೆ ಮಾತ್ರ ಹೆದರಿದವಳಲ್ಲ ಅವಳು. ಯೊಂಗ್‌ದೆ ಊರಿನ ಮೀನೊಣಗಿಸುವ ಅಂಗಳದಲ್ಲಿ ಮೂವತ್ತೊಂದು ಚಳಿಗಾಲ ನಿಂತು, ಮ್ಯೊಂಗ್‌ತೆ ಮೀನುಗಳನ್ನು ಜೋಡಿ ಕಟ್ಟಿ ಮರದ ಚೌಕಟ್ಟಿಗೆ ನೇತುಹಾಕಿದ ಹೆಂಗಸು. ಬೆರಳು ಬಿರಿದು ರಕ್ತ ಒಸರಿದರೆ ಬಾಯಲ್ಲಿಟ್ಟು ಚೀಪಿ ಮತ್ತೆ ಕೆಲಸಕ್ಕೆ ಹತ್ತುತ್ತಿದ್ದಳು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಡಿದುಕೊಂಡರೆ, ಸರ್ಕಾರದ ಮೊಹರಿನ ಲಕೋಟೆ ಬಂದರೆ, ಸಮವಸ್ತ್ರದವರು ಹೆಸರು ಹಿಡಿದು ಕರೆದರೆ ಅವಳ ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಕಾರಿನ ವಿಷಯವಂತೂ ಕೇಳಲೇಬೇಡಿ. ಐವತ್ತೇಳು ವರ್ಷದವರೆಗೆ ಸ್ಟೀರಿಂಗ್ ಮುಟ್ಟದವಳು, ಗಂಡ ಮಾನ್‌ಗಿಲನ ಮೂತ್ರಪಿಂಡಗಳು ಕೈಕೊಟ್ಟ ಮೇಲೆ ಕಲಿಯಲು ಹೋದಳು. ಲೈಸೆನ್ಸ್ ಪರೀಕ್ಷೆಯಲ್ಲಿ ಆರು ಸಲ ಫೇಲಾದಳು. ಏಳನೆಯ ಸಲ ಪರೀಕ್ಷೆ ಮಾಡುವವನೇ ಸುಸ್ತಾಗಿ ಪಾಸು ಮಾಡಿದ ಎಂದು ಊರವರು ಈಗಲೂ ನಗುತ್ತಾರೆ. ನಗುವವರಿಗೇನು, ಅವರು ವಾರಕ್ಕೆ ಮೂರು ದಿನ ಘಟ್ಟ ದಾಟಬೇಕಿಲ್ಲ.

ಮಂಗಳವಾರ, ಗುರುವಾರ, ಶನಿವಾರ. ಮಧ್ಯಾಹ್ನ ಒಂದು ಗಂಟೆಗೆ ಘಟ್ಟದಾಚೆಯ ಸೊಕ್ಚೊದ ಆಸ್ಪತ್ರೆಯಲ್ಲಿ ಮಾನ್‌ಗಿಲನ ಡಯಾಲಿಸಿಸ್. ಹೋಗುವಾಗ ಬಸ್ಸಿದೆ. ಬರುವಾಗಲೂ ಇದೆ, ಆದರೆ ಎರಡು ತಾಸು ಕಾಯಬೇಕು. ನಾಲ್ಕು ಗಂಟೆ ಯಂತ್ರಕ್ಕೆ ಮೈಯೊಡ್ಡಿ ಎದ್ದವನನ್ನು ಒಂದೇ ಒಂದು ಸಲ ಹಾಗೆ ಕಾಯಿಸಿದ್ದಳು. ಬಸ್‌ಸ್ಟಾಂಡಿನ ಬೆಂಚಿನಿಂದ ಅವನು ಜಾರಿ ನೆಲಕ್ಕೆ ಬಿದ್ದದ್ದು, ತಾನು ಅವನ ತಲೆ ತೊಡೆಯ ಮೇಲಿಟ್ಟುಕೊಂಡು ಅಪರಿಚಿತರನ್ನೆಲ್ಲ ಕೂಗಿ ಕರೆದದ್ದು ಅವಳಿಗೆ ಇನ್ನೂ ಕನಸಿನಲ್ಲಿ ಬರುತ್ತದೆ. ಹಾಗಾಗಿ ತಮ್ಮ ಇಪ್ಪತ್ತೆರಡು ವರ್ಷದ ಡೀಸೆಲ್ ಕಾರು ಓಡುತ್ತಿದ್ದರೆ ಗಂಡ ಇರುತ್ತಾನೆ, ನಿಂತರೆ ಇಲ್ಲ. ಅವಳ ಲೆಕ್ಕ ಇಷ್ಟು ಸರಳ.

ಈ ವರ್ಷದ ಹೊಗೆ ತಪಾಸಣೆಯಲ್ಲಿ ಆ ಕಾರು ಫೇಲಾಗಿತ್ತು. ಹೊಗೆ ಶೇಕಡಾ ನಲವತ್ತು ದಾಟಬಾರದು, ಯಂತ್ರದ ಪರದೆಯ ಮೇಲೆ ಐವತ್ತೆಂಟು ಬಂದಿತ್ತು. ರಿಪೇರಿ ಮಾಡಿಸಿ ಮತ್ತೆ ತೋರಿಸಲು ಹತ್ತು ದಿನ ಕೊಟ್ಟಿದ್ದರು. ಆಮೇಲೆ ನೋಟೀಸು, ಅದರಾಚೆ ನಂಬರ್ ಪ್ಲೇಟು ಕಿತ್ತುಕೊಂಡು ಹೋಗುತ್ತಾರೆ. ಊರಿನ ಗ್ಯಾರೇಜಿನ ಟಾಕ್ ಒಂಬತ್ತು ದಿನಗಳಲ್ಲಿ ಎಂಜಿನ್ನನ್ನು ಮೂರು ಸಲ ಬಿಚ್ಚಿ ಮೂರು ಸಲ ಜೋಡಿಸಿದ. ಫಿಲ್ಟರ್ ಹೊಸದು, ಎಣ್ಣೆ ಹೊಸದು, ಡೀಸೆಲ್ ಚಿಮ್ಮುವ ನಳಿಗೆಗಳನ್ನು ಕಳಚಿ ತೊಳೆದದ್ದಾಯಿತು. ಕಾರು ಮಾತ್ರ ಹಳೆಯ ಮಸಿಯನ್ನೇ ಉಗುಳುತ್ತಿತ್ತು.

ಇವತ್ತು ಹತ್ತನೆಯ ದಿನ, ಗುರುವಾರ. ಬೆಳಿಗ್ಗೆ ಏಳೂವರೆಗೆ ಯಾಂಗ್‌ಸೂನ್ ಕಾರನ್ನು ಟಾಕ್‌ನ ಗ್ಯಾರೇಜಿನ ಮುಂದೆ ನಿಲ್ಲಿಸಿದಳು. ತಪಾಸಣೆ ಹತ್ತೂವರೆಗೆ; ಅಲ್ಲಿಂದ ನೇರವಾಗಿ ಆಸ್ಪತ್ರೆಗೆ ಎಂದು ಮಾನ್‌ಗಿಲನೂ ಕಂಬಳಿ ಹೊದ್ದು ಪಕ್ಕದ ಸೀಟಿನಲ್ಲಿ ಕೂತಿದ್ದ. ಅವಳ ಕೈಚೀಲದಲ್ಲಿ ಈ ಸಲದ ಅಂಗಳದಿಂದ ಆರಿಸಿ ತಂದ, ಬಂಗಾರದ ಬಣ್ಣದ, ಮೊಳದುದ್ದದ ಒಂದು ಒಣಮೀನು ಇತ್ತು.

"ಬಾನೆಟ್ ಎತ್ತಪ್ಪ. ಮೀನು ಬದಲಾಯಿಸ್ಬೇಕು," ಎಂದಳು.

"ಹೊಸ ಮೀನು ಇಟ್ರೆ ಹೊಗೆ ಕಮ್ಮಿ ಆಗುತ್ತಾ ಅಕ್ಕ?" ಟಾಕ್ ಹಲ್ಲು ಕಿರಿದ.

"ನೀನು ಮೂರು ಸಲ ಬಿಚ್ಚಿ ಹಾಕಿದ್ಯಲ್ಲ, ಕಮ್ಮಿ ಆಯ್ತಾ?"

ಅವನು ಬಾನೆಟ್ ಎತ್ತಿದ.

ಕಾರು ಕೊಂಡ ದಿನವೇ ಬಿಳಿ ನೂಲಿನ ಲಡಿ ಸುತ್ತಿದ ಒಣಮೀನನ್ನು ಒಳಗೆ ಕಟ್ಟುವುದು ಅಲ್ಲಿಯವರ ರೂಢಿ. ತೆರೆದ ಕಣ್ಣಿನ ಮೀನು ದಾರಿ ಕಾಯುತ್ತದೆ, ನೂಲು ಆಯುಷ್ಯ ಕಾಯುತ್ತದೆ. ಯಾಂಗ್‌ಸೂನ್ ಪ್ರತಿ ವರ್ಷ ಅಂಗಳದ ಹೊಸ ಮೀನು ಒಣಗಿದ ಮೇಲೆ ಹಳೆಯದನ್ನು ಬದಲಾಯಿಸುತ್ತಿದ್ದಳು, ನೂಲು ಮಾತ್ರ ಅದೇ. ಮಾನ್‌ಗಿಲ ಹಾಸಿಗೆ ಹಿಡಿದ ವರ್ಷ ಅವನ ಹೆಸರು ಹೇಳಿ ಸುತ್ತಿದ ಲಡಿ ಅದು. ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟಿ, ಎಡಗಡೆ ದೀಪದ ಹಿಂದಿನ ಮೂಲೆಯಲ್ಲಿ ಬಿಗಿದಿದ್ದಳು. ಇನ್ನೊಬ್ಬರ ಮೀನಿಗೆ ಆ ಊರಿನಲ್ಲಿ ಯಾರೂ ಕೈ ಹಚ್ಚುವುದಿಲ್ಲ, ಅದು ಕೆಡುಕು. ಎಂಜಿನ್ನಿನ ಹೊಟ್ಟೆಯನ್ನೆಲ್ಲ ಬಗೆದ ಟಾಕ್ ಕೂಡ ಆ ಒಂದು ಮೂಲೆಯನ್ನು ಬಿಟ್ಟೇ ಒರೆಸಿದ್ದ.

ಅವಳು ಪೊಟ್ಟಣದ ಗಂಟು ಬಿಚ್ಚಿದಳು. ಮುಂದಿನಿಂದ ನೆಟ್ಟಗಿದ್ದ ಕಾಗದಕ್ಕೆ ಹಿಂಬದಿಯೇ ಇರಲಿಲ್ಲ. ಒಳಗೆ ಮೀನೂ ಇರಲಿಲ್ಲ. ಒಂದು ಬೆನ್ನುಮೂಳೆ, ಬೆರಳಗಲದ ಎರಡು ಚೂರು ಚರ್ಮ. ನೂಲಿನ ಒಂದು ತುದಿ ಕೆಳಕ್ಕಿಳಿದು ಕಪ್ಪು ಪೈಪೊಂದರ ಬಾಯೊಳಗೆ ಹೋಗಿ ಮಾಯವಾಗಿತ್ತು.

ಅವಳಿಗೆ ಹೊಗೆ, ನೋಟೀಸು, ನಂಬರ್ ಪ್ಲೇಟು ಎಲ್ಲ ಮರೆತುಹೋದವು. ಗಂಡನ ಆಯುಷ್ಯದ ನೂಲನ್ನು ಏನೋ ಒಂದು ಎಳೆದುಕೊಂಡು ಹೋಗಿದೆ, ತಾನು ಕಾವಲಿದ್ದೇನೆ ಎಂದುಕೊಂಡ ದಿನಗಳಲ್ಲೇ ಎಳೆದುಕೊಂಡು ಹೋಗಿದೆ ಎಂಬುದೊಂದೇ ತಲೆಯಲ್ಲಿ ಉಳಿಯಿತು.

"ಏನಾಯ್ತೇ?" ಒಳಗಿನಿಂದ ಮಾನ್‌ಗಿಲನ ದನಿ. ಎತ್ತಿದ ಬಾನೆಟ್ಟಿನಿಂದಾಗಿ ಅವನಿಗೆ ಇವಳ ಮುಖ ಕಾಣುತ್ತಿರಲಿಲ್ಲ.

"ಏನಿಲ್ಲರೀ. ಬೆಚ್ಚಗೆ ಕೂತಿರಿ," ಎಂದಳು.

ಟಾಕ್ ಟಾರ್ಚ್ ಹಿಡಿದು ಪೈಪಿನೊಳಗೆ ಬಗ್ಗಿ ನೋಡಿದ. "ಇಲಿ, ಅಕ್ಕ. ಎಂಜಿನ್ ಗಾಳಿ ಎಳ್ಕೊಳೋ ಪೈಪು ಇದು. ಮೀನಿನ ವಾಸನೆಗೆ ಬಂದಿದೆ, ನೂಲು ತಗೊಂಡು ಒಳಗೇ ಮನೆ ಕಟ್ಟಿದೆ. ಮೂಗು ಮುಚ್ಚಿದ್ರೆ ಕಪ್ಪು ಹೊಗೆ ಬಿಡ್ದೆ ಇನ್ನೇನು ಮಾಡುತ್ತೆ ಪಾಪ. ನಾನೊಬ್ಬ ಪೆದ್ದ, ಫಿಲ್ಟರಿಂದಾಚೆ ನೋಡ್ಲೇ ಇಲ್ಲ." ಹೇಳುತ್ತಲೇ ಕತ್ತರಿಯನ್ನು ನೂಲಿಗೆ ಹಿಡಿದ.

ಯಾಂಗ್‌ಸೂನ್ ಅವನ ಮಣಿಕಟ್ಟು ಹಿಡಿದಳು. "ಕತ್ತರಿಸ್ಬೇಡ."

"ಟೈಮಿಲ್ಲ ಅಕ್ಕ. ಒಂಬತ್ತಕ್ಕಾದ್ರೂ ನೀವು ಇಲ್ಲಿಂದ ಹೊರಡ್ಬೇಕು."

"ಅವರ ಹೆಸರು ಹೇಳಿ ಸುತ್ತಿದ ನೂಲು ಅದು."

ಪಿಸುಮಾತಿನಲ್ಲಿ ಹೇಳಿದ್ದಳು. ಅಷ್ಟು ದಿನ ಆ ಮೂಲೆಗೆ ಕೈ ಹಚ್ಚಲು ಹೆದರಿದ್ದ ಟಾಕ್ ಈಗ ತಮಾಷೆ ಮಾಡಲಿಲ್ಲ. ಕತ್ತರಿಯನ್ನು ಜೇಬಿಗೆ ಹಾಕಿ, ಪೈಪನ್ನು ಬುಡದಿಂದ ಕಳಚಿ ಅವಳ ಎದುರಿಗೆ ಹಿಡಿದು ನಿಂತ. ಅವಳು ಕೈಗವಸು ತೆಗೆದು ಎರಡು ಬೆರಳು ಒಳಗೆ ತೂರಿಸಿದಳು. ಚಳಿಯಲ್ಲಿ ಮರಗಟ್ಟಿದ ಮೀನಿನ ಗಂಟುಗಳನ್ನು ಮೂವತ್ತೊಂದು ವರ್ಷ ಬಿಡಿಸಿದ ಬೆರಳುಗಳು ಇವತ್ತು ಏಪ್ರಿಲ್ ಬಿಸಿಲಿನಲ್ಲಿ ಒಂದೊಂದೇ ಎಳೆ ಬಿಡಿಸಿದವು. ನೂಲು ಬಂತು, ಪೈನ್ ಎಲೆ ಬಂತು, ಸೀಟಿನ ಹತ್ತಿ ಬಂತು, ಮತ್ತೆ ನೂಲು. ಒಂದು ಕಡೆ ಇಲಿ ಕಡಿದು ನಾಲ್ಕೆಳೆಯ ಪೈಕಿ ಒಂದೇ ಎಳೆ ಉಳಿದಿತ್ತು. ಅಲ್ಲಿ ಅವಳು ಉಸಿರು ಬಿಡಲಿಲ್ಲ. ಟಾಕ್ ಕೂಡ ಬಿಡಲಿಲ್ಲ. ಎಂಟೂ ಮುಕ್ಕಾಲಿಗೆ ಗೂಡೆಲ್ಲ ಹೊರಗೆ ಬಿತ್ತು, ನೂಲು ತುಂಡಾಗದೆ ಅವಳ ಎಡಗೈಗೆ ಸುತ್ತಿಕೊಂಡಿತು. ಹೊಸ ಮೀನು ಕಟ್ಟಲು ಹೊತ್ತಿರಲಿಲ್ಲ, ಅದು ಕೈಚೀಲದಲ್ಲೇ ಉಳಿಯಿತು.

"ಸುರಂಗದ ದಾರಿ ಬೇಡ," ಎಂದ ಟಾಕ್, ಪೈಪನ್ನು ಮತ್ತೆ ಜೋಡಿಸಿ ಬಾನೆಟ್ ಮುಚ್ಚುತ್ತ. "ಹಳೇ ಘಟ್ಟದ ರಸ್ತೆ ಹಿಡೀರಿ. ಎರಡನೇ ಗೇರಲ್ಲೇ ಹತ್ಸಿ, ಎಂಜಿನ್ ಎಷ್ಟು ಅರಚಿದ್ರೂ ಗೇರ್ ಬದಲಾಯಿಸ್ಬೇಡಿ. ಒಳಗಿರೋ ಮಸಿ ಪೂರ್ತಿ ಉಗುಳ್ಲಿ."

ಸುರಂಗ ಆದಮೇಲೆ ಮಿಶಿರ್ಯೊಂಗ್ ಘಟ್ಟದ ಹಳೆಯ ರಸ್ತೆಗೆ ಯಾರೂ ಹೋಗುವುದಿಲ್ಲ. ಯಾಂಗ್‌ಸೂನ್ ಅಲ್ಲಿ ಒಮ್ಮೆಯೂ ಕಾರು ಓಡಿಸಿದವಳಲ್ಲ. ತಿರುವಿನ ಮೇಲೆ ತಿರುವು, ಒಂದು ಬದಿಗೆ ಕಣಿವೆ, ನೆರಳಿನಲ್ಲಿ ಕರಗದೆ ಉಳಿದ ಹಿಮ. ಎಂಜಿನ್ ಅರಚಿತು, ಕನ್ನಡಿಯಲ್ಲಿ ಹಿಂದಿನ ರಸ್ತೆ ಕರಿ ಹೊಗೆಯಲ್ಲಿ ಮುಳುಗಿತು. ಮಾನ್‌ಗಿಲ ಬಾಗಿಲ ಮೇಲಿನ ಹಿಡಿಕೆಗೆ ನೇತುಬಿದ್ದು ಕಣ್ಣು ಮುಚ್ಚಿಕೊಂಡಿದ್ದ. ಅವಳಿಗೆ ಆ ಅನುಕೂಲವೂ ಇರಲಿಲ್ಲ. ಘಟ್ಟದ ನೆತ್ತಿ ಮುಟ್ಟಿದಾಗ ಕಡಲು ಕಂಡಿತು, ಹಿಂದಿನ ಹೊಗೆ ಕಂದಾಗಿತ್ತು, ಅವಳ ಅಂಗಿ ಬೆನ್ನಿಗಂಟಿತ್ತು.

ತಪಾಸಣೆಯ ಶೆಡ್ಡಿನಲ್ಲಿ ಹುಡುಗುಮುಖದ ಇನ್ಸ್‌ಪೆಕ್ಟರ್ ಕೀಲಿ ಇಸಿದುಕೊಂಡ. "ಹಳೇ ಗಾಡಿ ಅಮ್ಮಾ. ಪೂರ್ತಿ ಒತ್ತುವಾಗ ಏನಾದ್ರೂ ಮುರಿದ್ರೆ ನಮ್ಮನ್ನ ಕೇಳಂಗಿಲ್ಲ. ಇಲ್ಲೊಂದು ಸಹಿ ಹಾಕಿ."

ಅವಳು ಸಹಿ ಹಾಕಿದಳು. ಅದು ಅವಳ ಸಹಿಯಂತೆ ಕಾಣಲಿಲ್ಲ.

ಸೈಲೆನ್ಸರಿಗೆ ಕೊಳವೆ ತೂರಿಸಿ ಅವನು ಆಕ್ಸಿಲರೇಟರನ್ನು ತಳದವರೆಗೆ ಒತ್ತಿದ. ಶೆಡ್ಡಿನ ತಗಡು ಅದುರಿತು. ಪರದೆಯ ಮೇಲೆ ನಲವತ್ತನಾಲ್ಕು. ಯಾಂಗ್‌ಸೂನ್ ಕೋಟಿನ ಜೇಬಿನಲ್ಲಿದ್ದ ನೂಲನ್ನು ಮುಷ್ಟಿಯಲ್ಲಿ ಹಿಡಿದಳು. ಗಟ್ಟಿಯಾಗಿ ಹಿಡಿದರೆ ಆ ಒಂದೆಳೆ ತುಂಡಾಗಬಹುದೆಂದು ಮತ್ತೆ ಸಡಿಲಿಸಿದಳು. ಎರಡನೆಯ ಸಲ ಮೂವತ್ತೆಂಟು. ಮೂರನೆಯ ಸಲ ಎಂಜಿನ್ ಅರಚಿದಾಗ ಅವಳು ಪರದೆ ನೋಡಲಿಲ್ಲ. ಗಾಜಿನಾಚೆ, ಕಾಯುವ ಕೋಣೆಯ ಬೆಂಚಿನಲ್ಲಿ ಕೂತಿದ್ದ ಗಂಡನನ್ನು ನೋಡಿದಳು. ಅವನೂ ಪರದೆ ನೋಡುತ್ತಿರಲಿಲ್ಲ, ಇವಳನ್ನೇ ನೋಡುತ್ತಿದ್ದ.

"ಮೂವತ್ತೈದು. ಸರಾಸರಿ ಮೂವತ್ತೊಂಬತ್ತು," ಎಂದ ಇನ್ಸ್‌ಪೆಕ್ಟರ್. "ಪಾಸು, ಅಮ್ಮಾ."

ಕಾರಿನಲ್ಲಿ ಕೂತು ಅವಳು ಕೀಲಿ ಹಾಕಲು ನೋಡಿದಳು. ಕೀಲಿ ತೂತಿಗೆ ಹೋಗಲೇ ಇಲ್ಲ. ಮಾನ್‌ಗಿಲ ಪಾಸಿನ ಚೀಟಿ ಇಸಿದುಕೊಂಡು ದೂರ ಹಿಡಿದ, ಹತ್ತಿರ ಹಿಡಿದ.

"ಎಲ್ಲೀವರೆಗೆ ಅಂತ ಬರೆದಿದಾರೆ? ಓದು."

"ಬರೋ ವರ್ಷ ಏಪ್ರಿಲ್ ಹದಿನಾಲ್ಕರವರೆಗೆ."

"ಇನ್ನೊಂದು ಸಲ ಓದು." ಅವಳು ಓದಿದಳು. ಅವನು ಚೀಟಿಯನ್ನು ಮಡಚಿ ಎದೆಯ ಜೇಬಿಗಿಟ್ಟುಕೊಂಡ. "ಹಂಗಾದ್ರೆ ನಾನೂ ಅಲ್ಲೀವರೆಗೆ ಇರ್ಬೇಕಾಯ್ತು." ಆಮೇಲೆ ಕೇಳಿದ, "ಮೀನನ್ನ ಇಲಿ ತಿಂದಿತ್ತು, ಅಲ್ವಾ?"

ಅವಳು ತಟ್ಟನೆ ತಿರುಗಿದಳು. "ಯಾರು ಹೇಳಿದ್ರು?"

"ಎರಡು ತಿಂಗಳಿಂದ ಕೇಳಿಸ್ತಿತ್ತು. ನೀನು ಔಷಧಿ ತರೋಕೆ ಅಂತ ಇಳಿದು ಹೋಗ್ತೀಯಲ್ಲ, ನಾನೊಬ್ಬನೇ ಕೂತಿರುವಾಗ ಮುಂದುಗಡೆ ಕರಕರ ಅನ್ನೋದು. ಹೇಳಿದ್ರೆ ಮೀನು ಹೋಯ್ತು, ನೂಲು ಹೋಯ್ತು ಅಂತ ನೀನು ಹೆದರ್ಕೋತೀಯ ಅಂತ ಸುಮ್ನಿದ್ದೆ."

"ಅಲ್ರೀ, ಅದನ್ನ ಮೊದಲೇ ಒಂದು ಮಾತು ಹೇಳಿದ್ರೆ ಹತ್ತು ದಿನ ನಾನು ಹೀಗೆ ಸಾಯೋದು ತಪ್ತಿತ್ತು."

"ನೀನು ಹೇಳಿದ್ಯಾ? ಬೆಳಿಗ್ಗೆ ಬಾನೆಟ್ ಹಿಂದೆ ನಿಂತ್ಕೊಂಡು ಏನಿಲ್ಲ ಅಂದೆ."

ಅವಳು ಜೇಬಿನಿಂದ ಮಸಿ ಹತ್ತಿದ ನೂಲಿನ ಉಂಡೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಒಂದೆಳೆ ಉಳಿದ ಜಾಗವನ್ನು ಅವನ ಹೆಬ್ಬೆರಳು ತಾನಾಗಿಯೇ ಹುಡುಕಿತು, ಅಲ್ಲೇ ನಿಂತಿತು.

"ನಂಗೆ ಹೆದರಿಕೆ ಆಗುತ್ತೆ ರೀ," ಎಂದಳು. ಆರು ವರ್ಷದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದಳು.

"ನಂಗೂ," ಎಂದ ಅವನು. "ನಡಿ, ಒಂದು ಗಂಟೆಗೆ ಅಲ್ಲಿರ್ಬೇಕು."

ಕೀಲಿ ಈಗ ತೂತಿಗೆ ಹೋಯಿತು. ಆಸ್ಪತ್ರೆಯವರೆಗೂ ಅವನು ನೂಲನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ತೋಳಿಗೆ ಸೂಜಿ ಚುಚ್ಚಲು ಬಂದ ನರ್ಸ್, ಮುಷ್ಟಿ ಬಿಡಿಸಿ ಎಂದಾಗ, ಅದನ್ನು ಇನ್ನೊಂದು ಕೈಗೆ ದಾಟಿಸಿಕೊಂಡ.