ಗಾಳಿ ಹಾಜಿ ಕಟ್ಟಿದ ಗಂಟು

ನಿಸಾರ್, ಗಂಟು ಬಿಚ್ಚಿದ್ದು ಮಾಮ ಅಲ್ಲ, ನಾನು.

ಕೆಲವು ವಿವರಗಳು ತಪ್ಪಿರಬಹುದು. ಇಲ್ಲಿ ಸೌದಿಯಲ್ಲಿ ಪಕ್ಕದ ಮನೆಯ ಜುಬೈದಾ ನಮ್ಮ ಬಾಗಿಲಿಗೆ ಬಂದಳು ಎಂದೇ ಇಷ್ಟು ವರ್ಷ ನಂಬಿದ್ದೆ. ಈಗ ಬರೆಯಲು ಕೂತರೆ, ಅವಳ ಮನೆಯ ಬೆಲ್ಲಿನ ಮೇಲೆ ನನ್ನದೇ ಬೆರಳು ಕಾಣುತ್ತಿದೆ — ನೆನಪು ನನ್ನ ಅನುಕೂಲ ನೋಡಿಕೊಂಡಿರಬೇಕು. ಆದರೆ ಆಡಿದ ಮಾತು ಮಾತ್ರ ಮರೆತಿಲ್ಲ.

ಎಂ.ಎ.ಯಲ್ಲಿ ಗ್ರೀಕರ ಪುರಾಣ ಓದುವಾಗ ಗಾಳಿಗಳ ಕಾವಲುಗಾರ ಈಯೊಲಸನಿಗೆ ನಾನು ಕೊಟ್ಟ ಮುಖ ನಮ್ಮ ಮಾಮನದು. ಉಮ್ಮನ ತಮ್ಮ, ದಮ್ಮಾಮಿನಲ್ಲಿ ಏಸಿ ರಿಪೇರಿ. ಊರಿನವರ ಬಾಯಲ್ಲಿ 'ಗಾಳಿ ಹಾಜಿ'. "ಜೂನ್ ತಿಂಗಳಲ್ಲಿ ಎಂಥ ಶೇಖನೂ ಮೊದಲು ನನಗೆ ಸಲಾಂ ಹೇಳ್ಬೇಕು ಮಾರಾಯ" ಎಂದು ಅವರೇ ನಗುತ್ತಿದ್ದರಲ್ಲ. ಕತೆಯ ಆ ಕಾವಲುಗಾರ, ಊರು ಸೇರಲಾಗದೆ ಅಲೆಯುತ್ತಿದ್ದ ನಾವಿಕನಿಗೆ ಎದುರುಗಾಳಿಗಳನ್ನೆಲ್ಲ ಚರ್ಮದ ಚೀಲದಲ್ಲಿ ಕಟ್ಟಿ ಕೊಡುತ್ತಾನೆ. ಊರಿನ ಹೊಗೆ ಕಾಣುವಷ್ಟು ಹತ್ತಿರ ಬಂದಾಗ, ಒಳಗೆ ಚಿನ್ನವಿದೆಯೆಂದು ಜೊತೆಯವರು ಅದನ್ನು ಬಿಚ್ಚುತ್ತಾರೆ. ಹಡಗು ಹೊರಟಲ್ಲಿಗೇ ಬಂದು ಬೀಳುತ್ತದೆ. ಎರಡನೆಯ ಸಲ ಬೇಡಿದಾಗ ಕಾವಲುಗಾರ ಹೊರಗಟ್ಟುತ್ತಾನೆ. ಆ ಜೊತೆಯವರನ್ನು ಪರೀಕ್ಷೆಯಲ್ಲಿ ನಾನು ಮೂರ್ಖರೆಂದು ಬರೆದಿದ್ದೆ.

ನೀನು ಕಫೀಲನ ಡ್ರೈವರ್ ಕೆಲಸ ಬಿಟ್ಟು, ಅಕ್ಕನ ಮನೆಯೆಂದು ನನ್ನಲ್ಲಿಗೆ ಬಂದಿದ್ದೆ. ವೀಸಾ ಕೊಟ್ಟ ಯಜಮಾನ ಅವನು. ಓಡಿಹೋದವನೆಂದು ದೂರು ಕೊಟ್ಟ ಮೇಲೆ ನಿನಗೆ ಊರಿನ ದಾರಿ ಮುಚ್ಚಿತ್ತು. ಮಗಳನ್ನು ನೀನು ಫೋನಿನಲ್ಲಿ ಮಾತ್ರ ನೋಡಿದ್ದೆ. ಆ ಕಫೀಲನ ವಿಲ್ಲಾದ ಏಸಿ ನೋಡುತ್ತಿದ್ದವರು ಮಾಮ. ಎಷ್ಟು ಸಲ ಹೋಗಿ ಬೇಡಿಕೊಂಡರೋ — ಕೊನೆಗೆ ಅವನು ದೂರು ಹಿಂದಕ್ಕೆ ಪಡೆದ, ದೇಶ ಬಿಡಲು ಎಕ್ಸಿಟ್ ವೀಸಾ ಸಿಕ್ಕಿತು. ಒಂದೇ ಷರತ್ತು: ಅವನ ಉಳಿದ ಡ್ರೈವರುಗಳಿಗೆ ಗೊತ್ತಾಗಬಾರದು. ಗೊತ್ತಾದರೆ ಎಲ್ಲರೂ ಅದನ್ನೇ ಕೇಳುತ್ತಾರೆ.

"ಗಂಟು ಕಟ್ಟಿ ಕೊಟ್ಟಿದ್ದೇನೆ. ಇವ ಮಂಗಳೂರಲ್ಲಿ ಇಳಿಯುವವರೆಗೆ ಬಾಯಿ ಬಿಡ್ಬೇಡ ಮಾರಾಯ್ತಿ," ಎಂದರು ನನಗೆ. "ನಿನ್ನದೇ ಹೆದರಿಕೆ ನನಗೆ."

ಮೂವರೂ ನಕ್ಕೆವು.

ಊರಿಗೆ ಹೋಗುವವರಿದ್ದರೆ ಪಕ್ಕದ ಮನೆಯವರನ್ನು ಕೇಳದಿರುವುದು ನಮ್ಮಲ್ಲಿ ಮರ್ಯಾದೆಯಲ್ಲ. ಜುಬೈದಾಳ ಗಂಡ ಹೋದಾಗಲೆಲ್ಲ ಉಮ್ಮನಿಗೆ ನನ್ನ ಪೊಟ್ಟಣ ಒಯ್ದಿದ್ದ. ನೀನು ಹೋದ ಮೇಲೆ ಅವಳಿಗೆ ಗೊತ್ತಾದರೆ ಏನೆಂದುಕೊಂಡಾಳು — ಇಷ್ಟೇ, ನಿಸಾರ್. ಚಿನ್ನದ ಆಸೆಯೂ ಅಲ್ಲ.

"ಊರಿಗೆ ಎಂತಾದ್ರೂ ಕಳಿಸ್ಲಿಕ್ಕುಂಟಾ?"

"ಯಾರು ಹೋಗುದು?"

"ನಿಸಾರ್. ಯಾರಿಗೂ ಹೇಳ್ಬೇಡ ಆಯ್ತಾ."

"ನಾನು ಯಾರಿಗೆ ಹೇಳುದು ಮಾರಾಯ್ತಿ?"

ಅವಳ ತಮ್ಮ ಅದೇ ಕಫೀಲನ ಡ್ರೈವರ್. ಅದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ಮರೆತಿತ್ತೇ, ಅಥವಾ ಮರೆತಿತ್ತೆಂದು ಆಮೇಲೆ ಸೇರಿಸಿಕೊಂಡೆನೇ — ಹೇಳಲಾರೆ. ಅವಳು ಖರ್ಜೂರ, ಹಾಲಿನ ಪುಡಿ ತುಂಬಿ, ಹಗ್ಗ ಬಿಗಿದ ಪೆಟ್ಟಿಗೆ ತಂದುಕೊಟ್ಟಳು. ಅವಳಿಂದ ತಿಳಿದು ಅವಳ ತಮ್ಮ ಹೋಗಿ ಕಫೀಲನ ಮುಂದೆ ನಿಂತ: ನಿಸಾರಿಗೆ ಎಕ್ಸಿಟ್ ಕೊಟ್ಟಿರಿ, ನನಗೂ ಕೊಡಿ.

ದಮ್ಮಾಮ್ ಏರ್‌ಪೋರ್ಟಿನಲ್ಲಿ ನಿನ್ನನ್ನು ಪಾಸ್‌ಪೋರ್ಟ್ ಕೌಂಟರಿನಿಂದ ತಿರುಗಿಸಿ ಕಳಿಸಿದರು. ಎಕ್ಸಿಟ್ ರದ್ದಾಗಿತ್ತು. ನಿನ್ನ ಕೈಯಲ್ಲಿ ಮಗಳಿಗೆಂದು ಕೊಂಡ ಗುಲಾಬಿ ಬಣ್ಣದ ಕೊಡೆ — ಕೆಂಪೋ? — ಇತ್ತು.

ಇನ್ನೊಂದು ಸಲ ಕೇಳಲು ನಾವಿಬ್ಬರೂ ಮಾಮನ ರೂಮಿಗೆ ಹೋದೆವು. ಅವರು ಬಾಗಿಲಲ್ಲೇ ನಿಂತರು. "ದೇವರೇ ಬೇಡ ಅಂದವನಿಗೆ ನಾನು ಎಂತ ಮಾಡುದು? ಯಲ್ಲಾ, ಹೋಗು."

ಮೆಟ್ಟಿಲಿಳಿಯುವಾಗ ನೀನು ಅಂದೆ, "ಮಾಮನೇ ನನ್ನನ್ನು ಮಾರಿದ, ಅಲ್ವಾ ಅಕ್ಕ?"

ನಾನು ಅಂದೆ, "ಇರಬಹುದು."

ಜುಬೈದಾಳಿಗೆ ಹೇಳಿದ್ದು ಬಾಯಿ ಜಾರಿ ಎಂದಾದರೂ ಅನ್ನಬಹುದು. ಇದು ಜಾರಿದ್ದಲ್ಲ. ನೀನು ಸೌದಿಯ ಇನ್ನೊಂದು ತುದಿಯ ಜಿಜಾನಿಗೆ ಹೋಗಿ ಕದ್ದು ಕೆಲಸ ಮಾಡಿದೆ; ಕೊನೆಗೆ ಊರು ಸೇರಿದಾಗ ಶಾಲೆಯ ಸಮವಸ್ತ್ರದಲ್ಲಿದ್ದ ಮಗಳು ಅವಳಮ್ಮನ ಹಿಂದೆ ಅಡಗಿದಳಂತೆ. ಅಷ್ಟೂ ಕಾಲ ನನ್ನ ಆ ಒಂದು ಮಾತು ನಿನ್ನ ಜೊತೆಗಿತ್ತು. ಪುರಾಣದ ಕಾವಲುಗಾರನೂ ಬಾಗಿಲು ಹಾಕಿದ್ದ ಎಂದು ನಾನು ನನಗೇ ಹೇಳಿಕೊಳ್ಳುತ್ತಿದ್ದೆ. ಓದಿದ್ದು ಇದಕ್ಕೆ ಒದಗಿತು. ಕಫೀಲ ಮತ್ತು ಅವನ ಅಣ್ಣತಮ್ಮಂದಿರು ಆ ದಿನದಿಂದ ಮಾಮನನ್ನು ಕೆಲಸಕ್ಕೆ ಕರೆಯಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ನಂತರ. ತಿಳಿದ ಮೇಲೂ ಸುಮ್ಮನಿದ್ದೆ.

ಈಗ ಮಾಮ ಇಲ್ಲಿಯದೆಲ್ಲ ಮುಗಿಸಿ ಊರಿಗೆ ಹೊರಟಿದ್ದಾರೆ. ನಿನ್ನ ಹೊಸ ಮನೆಯ ಒಕ್ಕಲಿಗೆ ಅವರನ್ನು ಕರೆಯಕೂಡದೆಂದು ಉಮ್ಮನಿಗೆ ಹೇಳಿದೆಯಂತೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಾಗಿಲು ಮುಚ್ಚಬೇಕಾದರೆ ನನಗೆ ಮುಚ್ಚು.

ಒಂದು ಸಂಗತಿ ಬಾಕಿಯಿದೆ. ಅಂದು ಏರ್‌ಪೋರ್ಟಿನಲ್ಲಿ ಕಾರಿನಿಂದ ಪೆಟ್ಟಿಗೆಗಳನ್ನು ಇಳಿಸಿದವರು ಮಾಮ. ಒಂದರ ಮೇಲೆ ಜುಬೈದಾಳ ಹೆಸರು ದೊಡ್ಡ ಅಕ್ಷರಗಳಲ್ಲಿ ಇತ್ತು; ಅವಳ ತಮ್ಮ ಯಾರ ಡ್ರೈವರೆಂದು ಮಾಮನಿಗೂ ಗೊತ್ತಿತ್ತು. ಊರಿಗೆ ಹೋಗುವವನ ಬಳಿ ಯಾರದಾದರೂ ಪೆಟ್ಟಿಗೆ ಇದ್ದೇ ಇರುತ್ತದೆ, ನಿನಗೇನೂ ಅನಿಸಲಿಲ್ಲ. ಅವರು ಓದಿದರು, ನನ್ನನ್ನು ನೋಡಿದರು, ಪೆಟ್ಟಿಗೆಯನ್ನು ಟ್ರಾಲಿಗೆ ಇಟ್ಟರು. ಈ ನೆನಪೊಂದು ಸುಳ್ಳಾಗಿರಲಿ ಎಂದು ಎಷ್ಟು ಸಲ ಬಯಸಿದ್ದೇನೆ.

ಮೊನ್ನೆ ಹೋದಾಗ ಮಾಮ ಸ್ಟೂಲಿನ ಮೇಲೆ ಕೂತು, ಬಿಟ್ಟುಹೋಗುವ ರೂಮಿನ ಏಸಿಯ ಫಿಲ್ಟರನ್ನು ನಲ್ಲಿಯ ಕೆಳಗೆ ತೊಳೆಯುತ್ತಿದ್ದರು. ನಾನು ಕೇಳಿಯೇಬಿಟ್ಟೆ. ಅವರು ನಲ್ಲಿಯನ್ನು ಇನ್ನಷ್ಟು ಜೋರಾಗಿ ಬಿಟ್ಟರು. ನಾನು ಕೇಳಿದ್ದು ಇಷ್ಟೇ:

"ಮಾಮ, ಪೆಟ್ಟಿಗೆ ನೋಡಿದಾಗಲೇ ನಿಮಗೆ ಗೊತ್ತಾಗಿತ್ತಲ್ಲ — ನಿಸಾರಿಗೆ ನನ್ನ ಹೆಸರು ಯಾಕೆ ಹೇಳ್ಲಿಲ್ಲ?"