ಸೀಮೆಸುಣ್ಣದ ಗೆರೆ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ಮಗಳ ಮದುವೆ ಆಗಲಿ ಎಂದುಕೊಂಡೆ, ಆಮೇಲೆ ನಿವೃತ್ತಿಯಾಗಲಿ ಎಂದುಕೊಂಡೆ — ನಿಜವಾಗಿ, ಹೆದರಿಕೆ. ಒಬ್ಬರ ಕಣ್ಣು ನನ್ನಿಂದ ಹೋಯಿತು. ತಪ್ಪು ತಮ್ಮದೇ ಎಂದು ಅವರು ಕೊನೆಯವರೆಗೂ ನಂಬಿದ್ದರು. ನಂಬಲು ನಾನು ಬಿಟ್ಟೆ.

ಐವತ್ತರ ದಶಕದ ಕೊನೆ. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆ. ಹೈಸ್ಕೂಲು ಮುಗಿಸಿ, ಹೊಸಹಳ್ಳಿಯಿಂದ ಹೊಲಗಳ ನಡುವೆ ನಡೆದು ಹೋಗುತ್ತಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಬೇರಿಂಗಿಗೆ ಹಾಕುವ ಉಕ್ಕಿನ ಬಳೆಗಳ ಹೊರಮೈಯಲ್ಲಿ, ಗುಂಡುಗಳು ಉರುಳಲೆಂದು, ಕಿರಿದಾದ ಬಾಗಿದ ತೋಡು ತೆಗೆಯುವುದು ನಮ್ಮ ಕೆಲಸ. ಕಾಯಿಸಿ ಎಣ್ಣೆಗೆ ಅದ್ದಿ ಗಟ್ಟಿ ಮಾಡಿದ ಆ ಉಕ್ಕನ್ನು ಯಾವ ಉಳಿಯೂ ಕಚ್ಚುವುದಿಲ್ಲ. ತೆಳುವಾದ ಸಾಣೆಕಲ್ಲೇ ಬೇಕು, ಅದರ ಅಂಚನ್ನು ವಜ್ರದ ಮೊನೆಯಿಂದ ದುಂಡಗೆ ತೀಡಿರಬೇಕು. ಅಂಥ ಕಲ್ಲು ಹಡಗಿನಲ್ಲಿ ಬರಬೇಕಿತ್ತು. ಒಡೆದವನ ಕೆಲಸ ಉಳಿಯುವುದಿಲ್ಲ ಎಂದು ಮೇಸ್ತ್ರಿ ಮೊದಲೇ ಹೇಳಿದ್ದರು.

ಕಲ್ಲನ್ನು ಬೆರಳಿಗೆ ತೂಗುಹಾಕಿ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ, ಚೆನ್ನಾಗಿರುವುದು ಗಂಟೆಯಂತೆ ನುಡಿಯುತ್ತದೆ. ಬಿರುಕಿದ್ದರೆ ದಪ್ ಎನ್ನುತ್ತದೆ, ಅಷ್ಟೇ; ಅಂಥದ್ದು ತಿರುಗುವಾಗ ಸಿಡಿದೀತು. ತಟ್ಟಿ ನೋಡಿದವನು ಕಲ್ಲಿನ ನಡುವಿನ ತೂತಿನ ಸುತ್ತ ಅಂಟಿಸಿರುವ ಕಾಗದದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದಿಡುವುದು ನಮ್ಮಲ್ಲಿ ರೂಢಿ. ಗೆರೆ ಇದ್ದರೆ ಮುಂದಿನವರು ನಂಬುತ್ತಿದ್ದರು. ಆ ಸದ್ದನ್ನು ಕೇಳಲು ನನಗೆ ಕಲಿಸಿದವರು ಪಕ್ಕದ ಯಂತ್ರದ ಅಣ್ಣ, ಲಗ್ಗೆರೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದವರು.

ಒಂದು ಸಂಜೆ, ಎಲ್ಲರೂ ಕೈ ತೊಳೆಯಲು ಹೋಗಿದ್ದಾಗ, ಕಲ್ಲನ್ನು ಹಲಗೆಯ ಮೇಲೆ ಎತ್ತಿಡುತ್ತಿದ್ದೆ. ಎಣ್ಣೆಗೈ — ಜಾರಿತು. ಸಿಮೆಂಟು ನೆಲ. ನೋಡಿದರೆ ಏನೂ ಆಗಿರಲಿಲ್ಲ. ತಟ್ಟಿದೆ. ದಪ್. ಬೇರೆ ಸದ್ದು ಬಂದೀತೆಂದು ಮತ್ತೆ ತಟ್ಟಿದೆ. ಹಳೆಯ ಗೆರೆ ನನ್ನ ಅಂಗೈ ತಾಗಿ ಅಳಿಸಿಹೋಗಿತ್ತು. ಹಾಗೇ ಬಿಟ್ಟಿದ್ದರೂ ಸಾಕಿತ್ತು, ಮರುದಿನ ಯಾರಾದರೂ ತಟ್ಟಿ ನೋಡುತ್ತಿದ್ದರು. ಆದರೆ ಕೊನೆಗೆ ಮುಟ್ಟಿದವನು ಯಾರೆಂದೂ ಕೇಳುತ್ತಿದ್ದರು — ಸೀಮೆಸುಣ್ಣ ತೆಗೆದುಕೊಂಡೆ. ಗೆರೆ ಎಳೆದೆ.

ಬೆಳಿಗ್ಗೆ ಆ ಕಲ್ಲನ್ನು ಕೈಗೆತ್ತಿಕೊಂಡವರು ಲಗ್ಗೆರೆಯ ಅಣ್ಣನೇ.

"ಗೆರೆ ನಿಂದೇನೋ?"

"ಹೂಂ ಅಣ್ಣ."

"ಹಂಗಾದ್ರೆ ನಾನ್ಯಾಕೆ ತಟ್ಲಿ? ಹೈಸ್ಕೂಲ್ ಪಾಸಾದ ಕಿವಿ ಕಣೋ ನಿಂದು, ನಮ್ದೆಲ್ಲ ಬರೀ ತೂತು." ನಗುತ್ತಲೇ ನಟ್ಟು ಬಿಗಿದರು.

ಬೇಡ ಅಣ್ಣ ಎನ್ನಬಹುದಿತ್ತು. ಕಲ್ಲು ತಿರುಗತೊಡಗಿತು, ವೇಗ ಏರಿದಂತೆ ಅದರ ಸದ್ದು ಕೀರಲಾಗುತ್ತ ಹೋಯಿತು. ಏನೂ ಆಗಲಿಕ್ಕಿಲ್ಲ ಎಂದುಕೊಂಡೆ — ಹಾಗೆಂದುಕೊಂಡವನು ಅಲ್ಲೇ ನಿಲ್ಲಬೇಕಿತ್ತಲ್ಲ? ನೀರು ಕುಡಿಯುವ ನೆಪದಲ್ಲಿ ಹೊರಗೆ ಹೋದೆ. ಗೋಡೆಯ ಆಚೆಗೆ. ಇದೊಂದನ್ನು ಹೆಂಡತಿಗೂ ಹೇಳಿಲ್ಲ. ಲೋಟ ಇನ್ನೂ ತುಟಿಗೆ ಮುಟ್ಟಿರಲಿಲ್ಲ, ಒಳಗೆ ಪಟಾರೆಂದಿತು. ಆಮೇಲೆ ಕೂಗು. ಕಲ್ಲಿಗೆ ಮುಚ್ಚಳವೇನೋ ಇತ್ತು. ಚೂರು ಅದರ ತೆರೆದ ಬಾಯಿಂದಲೇ ಹಾರಿತ್ತು.

"ನೀನು ತಟ್ಟಿದಾಗ ಸರಿಯಿತ್ತೇನಯ್ಯ?" ಎಂದು ಮೇಸ್ತ್ರಿ ಕೇಳಿದರು.

"ಸರಿಯಿತ್ತು ಸಾರ್."

ಹಾಗಾದರೆ ನಟ್ಟನ್ನು ಅತಿಯಾಗಿ ಬಿಗಿದದ್ದರಿಂದಲೇ ಕಲ್ಲು ಸೀಳಿರಬೇಕು ಎಂದು ತೀರ್ಮಾನವಾಯಿತು. ಅವರ ಕೆಲಸ ಹೋಯಿತು. ನನ್ನದು ಖಾಯಂ ಆಯಿತು. ಅವರ ಯಂತ್ರಕ್ಕೇ ನನ್ನನ್ನು ಹಾಕಿದರು.

ಹೇಳಿಬಿಡಲೆಂದೇ ಲಗ್ಗೆರೆಗೆ ಹೋದೆ. ಬಲಗಣ್ಣಿಗೆ ಪಟ್ಟಿ ಕಟ್ಟಿತ್ತು. ಅವರ ಹೆಂಡತಿ ಕಾಫಿ ತಂದುಕೊಟ್ಟರು.

"ಕೈ ಬಿಗಿ ಜಾಸ್ತಿ ಆಗೋಯ್ತು ಕಣೋ," ಎಂದರು ಅಣ್ಣ. "ಸದ್ಯ, ನೀನು ಆಚೆ ಇದ್ದೆ."

ಕಾಫಿ ಕುಡಿದು ಎದ್ದು ಬಂದೆ. ಮತ್ತೆ ಆ ಕಡೆ ಕಾಲಿಡಲಿಲ್ಲ. ಎದುರಿಗೆ ಸೈಕಲ್ಲು ಬಂದರೆ ಮುಖ ನೋಡುವ ಮೊದಲೇ ಪಕ್ಕದ ಬೀದಿಗೆ ತಿರುಗುತ್ತಿದ್ದೆ. ಅಡಿಗೆಮನೆಯಲ್ಲಿ ಏನಾದರೂ ದಪ್ ಎಂದು ಬಿದ್ದರೆ ಈಗಲೂ ಅಂಗೈ ಒರೆಸಿಕೊಳ್ಳುತ್ತೇನೆ. ಅವರು ತೀರಿಕೊಂಡ ಸುದ್ದಿ ಬಂದ ದಿನ ನನಗೆ ಮೊದಲು ಆದದ್ದು — ನೆಮ್ಮದಿ. ಇನ್ನು ಗೊತ್ತಾಗುವುದಿಲ್ಲ ಎಂಬ ನೆಮ್ಮದಿ. ಆ ದಿನದಿಂದ ನನಗೆ ನನ್ನನ್ನು ಕಂಡರೇ ಭಯ.

ಅವರ ಮಗ ಅದೇ ಮನೆಯಲ್ಲಿದ್ದಾರಂತೆ. ನಾಳೆ ಹೋಗಿ ಹೇಳುತ್ತೇನೆ. ಅವರು ಬಾಗಿಲು ಹಾಕಿಕೊಂಡರೆ ಬಾಗಿಲಿಗೇ ಹೇಳುತ್ತೇನೆ. ನಿಮಗೆ ಮಾತ್ರ ಹೇಳಲಾಗಲಿಲ್ಲ, ಅಣ್ಣ.

ನಟ್ಟನ್ನು ನೀವು ಸರಿಯಾಗಿಯೇ ಬಿಗಿದಿದ್ದಿರಿ, ಮುನಿಸ್ವಾಮಣ್ಣ.